ಏರುವ ತಾಪವೂ ಕೆರೆಯ ಮೀನುಗಳೂ

ವಾಯುಗುಣದ ಉಷ್ಣವು ಏರುತ್ತಿರುವುದರಿಂದ ಬಯಲುಸೀಮೆಯ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಒದಗುವ ಅಪಾಯವನ್ನು ಗ್ರಾಮದ ಯಜಮಾನರೂ ಜಮೀನುದಾರರೂ ಅರಿತಿರುವುದು ಅವಶ್ಯಕ.

ನೀರು ಕಾದಷ್ಟೂ ಮೀನಿಗೆ ಆಮ್ಲಜನಕವು ಹೆಚ್ಚಾಗಿ ಬೇಕಾಗುವುದು; ನೀರಿನಲ್ಲಾದರೋ ಅದು ಕಡಮೆಯಾಗುವುದು. ಒಂದು ಲೀಟರು ನೀರು 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುವುದರಿಂದ ಬೆಳಗಿನ ಜಾವದಲ್ಲಿ ಕೊರತೆಯು ಅತ್ಯಧಿಕ. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸಿ, ಹೊಸ ನೀರನ್ನು ಹಾಯಿಸತಕ್ಕದ್ದು.

ಬೇಸಿಗೆಗೆ ಮುಂಚೆಯೇ ದೊಡ್ಡ ಮೀನುಗಳನ್ನು ಹಿಡಿದು ಸಂದಣಿಯನ್ನು ತಗ್ಗಿಸುವುದು ಉತ್ತಮ. ಹೂಳೆತ್ತಿ ಆಳವಾದ ಮಡುವೊಂದನ್ನು ಉಳಿಸಿದಲ್ಲಿ ಮೀನಿಗೆ ತಂಪಾದ ಆಶ್ರಯವಿರುವುದು. ಕೆರೆಯ ಕೊನೆಯ ನೀರನ್ನು ಪೈರಿಗೆ ಬಿಡುವುದೋ ಮೀನಿಗೆ ಉಳಿಸುವುದೋ ಎಂಬುದನ್ನು ಗ್ರಾಮಸ್ಥರು ತೂಬು ತೆರೆಯುವುದಕ್ಕೆ ಮೊದಲೇ ನಿಶ್ಚಯಿಸತಕ್ಕದ್ದು.