ಮತಪೆಟ್ಟಿಗೆಯಲ್ಲಿ ಸರಪಣಿ ಕ್ರಿಯೆ

ಯುರೇನಿಯಂ ಬೀಜವೊಂದು ಸೀಳಿದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ಕಣಗಳು ಮತ್ತೆ ಬೀಜಗಳನ್ನು ಸೀಳಿದರೆ ಕ್ರಿಯೆ ಬೆಳೆಯುತ್ತದೆ. ಕಡಮೆಯಾದರೆ ತಾನಾಗಿಯೇ ನಂದುತ್ತದೆ. ಸುದ್ದಿ ಹರಡುವ ಬಗೆಯೂ ಇದಕ್ಕೆ ಸಮೀಪವಾದುದೇ.

ಒಂದು ದೃಶ್ಯತುಣುಕನ್ನು ಸಾವಿರ ಮಂದಿ ನೋಡಿದರೆನ್ನಿ. ಪ್ರತಿಯೊಬ್ಬರಿಂದ ಸರಾಸರಿ ೦.೯ ಮಂದಿಗೆ ಅದು ದಾಟಿದರೆ, ಇಪ್ಪತ್ತನೆಯ ಹಂತದಲ್ಲಿ ನೋಡುವವರು ಸುಮಾರು ೧೨೦ ಮಂದಿ ಮಾತ್ರ. ೧.೧ ಮಂದಿಗೆ ದಾಟಿದರೆ? ಸುಮಾರು ೬,೭೦೦! ಆದುದರಿಂದ ಜನರ ಮನಸ್ಸನ್ನೆಲ್ಲ ಬದಲಾಯಿಸುವ ಶ್ರಮವೇ ಬೇಡ. ಗುಣಕವನ್ನು ಕೊಂಚ ಮೇಲಕ್ಕೆ ತಳ್ಳಿದರೆ ಸಾಕು. ಹೆಚ್ಚು ಮೆಚ್ಚುಗೆ ಪಡೆದುದನ್ನೇ ಹೆಚ್ಚು ಜನರಿಗೆ ತೋರಿಸುವ ಯಂತ್ರಗಣಿತಕ್ಕೆ ಆ ಮೆಚ್ಚುಗೆ ನಿಜವಾದುದೋ ಬಾಡಿಗೆಯದೋ ಎಂಬುದು ಸುಲಭವಾಗಿ ತಿಳಿಯದು.

ರುಮೇನಿಯದಲ್ಲಿ ೨೦೨೪ರ ನವೆಂಬರ್ ೨೪ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆಯಿತು. ಹಿಟ್ಲರನ ಜೊತೆಗೂಡಿದ್ದ ಸರ್ವಾಧಿಕಾರಿ ಆಂಟೊನೆಸ್ಕುವನ್ನು ಹಿಂದೆ ವೀರನೆಂದು ಹೊಗಳಿದ್ದ ತೀವ್ರ ಬಲಪಂಥೀಯ ಕಲಿನ್ ಜಾರ್ಜೆಸ್ಕು, ಪಕ್ಷದ ಬೆಂಬಲವಿಲ್ಲದೆ ಸುಮಾರು ೨೩ ಪ್ರತಿಶತ ಮತಗಳೊಡನೆ ಮೊದಲಿಗರಾದರು. ಪ್ರಚಾರಕ್ಕೆ ತಾವು ವೆಚ್ಚ ಮಾಡಿದ ಹಣ ಸೊನ್ನೆ ಎಂದು ಅವರು ಲೆಕ್ಕ ಕೊಟ್ಟಿದ್ದರು. ಅವರ ಮುಖ್ಯ ವೇದಿಕೆ, ೨೦೨೦ರಲ್ಲಿ ಭಾರತವು ನಿಷೇಧಿಸಿದ ಟಿಕ್‌ಟಾಕ್.

ಡಿಸೆಂಬರ್ ೪ರಂದು ಸರಕಾರ ಗುಪ್ತಚರ ಕಾಗದಗಳನ್ನು ಬಹಿರಂಗಪಡಿಸಿತು. ಸುಮಾರು ೨೫,೦೦೦ ಖಾತೆಗಳು ಮತದಾನಕ್ಕೆ ಎರಡು ವಾರಗಳಿರುವಾಗ ಏಕಾಏಕಿ ಚುರುಕಾಗಿದ್ದುವಂತೆ. ಅವುಗಳಲ್ಲಿ ಸುಮಾರು ೮೦೦ ಖಾತೆಗಳು ೨೦೧೬ರಲ್ಲಿಯೇ ಹುಟ್ಟಿ, ಎಂಟು ವರ್ಷ ಬಹುಮಟ್ಟಿಗೆ ನಿದ್ರಿಸಿದ್ದುವು! ಕಾಗದಗಳು ರಷ್ಯದ ರೀತಿನೀತಿಗಳನ್ನು ನೆನಪಿಸಿದುವು. ರಷ್ಯ ಆರೋಪವನ್ನು ಅಲ್ಲಗಳೆಯಿತು. ಬಹಿರಂಗವಾದ ಕಾಗದಗಳಲ್ಲಿ ಸಂದೇಹಕ್ಕೆ ಎಡೆಯಿತ್ತೇ ಹೊರತು, ಸೂತ್ರ ಹಿಡಿದ ಕೈ ಯಾರದೆಂಬುದಕ್ಕೆ ನೇರ ಸಾಕ್ಷ್ಯವಿರಲಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿ ಈ ಭೇದವನ್ನು ಮರೆಯಬಾರದು.

ಡಿಸೆಂಬರ್ ೬ರಂದು ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಗೊಳಿಸಿತು. ಅಷ್ಟರಲ್ಲಿ ವಿದೇಶದ ರುಮೇನಿಯನರು ಎರಡನೆಯ ಸುತ್ತಿನ ಮತದಾನವನ್ನು ಆರಂಭಿಸಿಯೂ ಬಿಟ್ಟಿದ್ದರು. ಲಕ್ಷಾಂತರ ಜನ ಹಾಕಿದ ಮತವನ್ನು ಅಳಿಸಿಹಾಕುವುದು ಸಣ್ಣ ಚಿಕಿತ್ಸೆಯಲ್ಲ.

ಇಲ್ಲೊಂದು ತೊಡಕಿದೆ. ಸರಪಣಿ ಕ್ರಿಯೆಗೆ ಕಿಡಿಯೊಂದೇ ಸಾಲದು, ಸೀಳಬಲ್ಲ ದ್ರವ್ಯವೂ ಬೇಕು. ೨೦೨೫ರ ಮೇ ತಿಂಗಳಿನ ಮರುಚುನಾವಣೆಯಲ್ಲಿ ಜಾರ್ಜೆಸ್ಕು ಅವರಿಗೆ ಸ್ಪರ್ಧಿಸಲು ಅವಕಾಶವಿರಲಿಲ್ಲ. ಆದರೂ ಮತ್ತೊಬ್ಬ ತೀವ್ರ ಬಲಪಂಥೀಯ ಜಾರ್ಜ್ ಸಿಮಿಯೊನ್ ಮೊದಲ ಸುತ್ತಿನಲ್ಲಿ ಸುಮಾರು ೪೧ ಪ್ರತಿಶತ ಮತ ಪಡೆದರು. ಬೆಲೆಯೇರಿಕೆಯ ಬೇಗೆ, ಹಳೆಯ ಪಕ್ಷಗಳ ಮೇಲಿನ ಜುಗುಪ್ಸೆ ಇವನ್ನು ಯಾವ ಖಾತೆಯೂ ಹುಟ್ಟಿಸಿದ್ದಲ್ಲ. ಅಂತಿಮ ಸುತ್ತಿನಲ್ಲಿ ಸುಮಾರು ೫೪ ಪ್ರತಿಶತ ಮತ ಗಳಿಸಿ ಗೆದ್ದವರು ನಿಕುಶೋರ್ ದಾನ್: ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಎರಡು ಬಾರಿ ಚಿನ್ನದ ಪದಕ ಪಡೆದ ಗಣಿತಜ್ಞ.