ಆಟದಿಂದ ವೃತ್ತಿಗೆ: ಪ್ರಕಾಶ ಪಡುಕೋಣೆಯವರ ಬ್ಯಾಡ್ಮಿಂಟನ್ ಜೀವನ

ಆಟವೊಂದು ಜೀವನವೃತ್ತಿಯಾಗಿ ಪರಿಣಮಿಸಬೇಕಾದರೆ ಆಟಗಾರನ ಪ್ರತಿಭೆಯೊಂದೇ ಸಾಲದು. ಅಭ್ಯಾಸಕ್ಕೆ ತಕ್ಕ ಸ್ಥಳ, ಆಟದಿಂದ ಸಂಪಾದಿಸಲು ಎಡೆಗೊಡುವ ನಿಯಮ, ಸಮಬಲರ ಒಡನಾಟ—ಈ ಮೂರೂ ಒದಗಬೇಕು. ಪ್ರಕಾಶ ಪಡುಕೋಣೆಯವರ ಜೀವನವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಮೊದಲನೆಯದಾಗಿ ಸ್ಥಳವನ್ನು ವಿಚಾರಿಸೋಣ. ನಮ್ಮ ಊರುಗಳಿಗೆ ಪರಿಚಿತವಾದ ಬಾಲ್ ಬ್ಯಾಡ್ಮಿಂಟನ್ನನ್ನು ಉಣ್ಣೆಯ ಚೆಂಡಿನಿಂದ ಬಯಲಿನಲ್ಲಿಯೇ ಆಡಬಹುದು. ಆದರೆ 16 ಗರಿಗಳ ಶಟಲ್ ಸುಮಾರು 5 ಗ್ರಾಂ ಮಾತ್ರ ತೂಗುವುದರಿಂದ ಅಲ್ಪ ಗಾಳಿಗೂ ದಾರಿ ತಪ್ಪುತ್ತದೆ. ಆದುದರಿಂದ 44 ಅಡಿ ಉದ್ದ, 20 ಅಡಿ ಅಗಲದ ಅಂಕಣ ಹಿಡಿಸುವ, ಎತ್ತರವಾದ ಮಾಡುಳ್ಳ ಕಟ್ಟಡವು ಈ ಆಟಕ್ಕೆ ಅಗತ್ಯ. 1955ರ ಜೂನ್ 10ರಂದು ಜನಿಸಿದ ಪ್ರಕಾಶರಿಗೆ ಅಂತಹ ಸ್ಥಳವು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ ದೊರೆಯಿತು. ಮದುವೆಗಳಿದ್ದ ದಿನ ಆಟವಿಲ್ಲ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದುದು ಮತ್ತೊಂದು ಅನುಕೂಲ. 1962ರಲ್ಲಿ ರಾಜ್ಯದ ಕಿರಿಯರ ಸ್ಪರ್ಧೆಯ ಮೊದಲ ಸುತ್ತಿನಲ್ಲಿಯೇ ಸೋತ ಬಾಲಕನು ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿಯನ್ನು ಗಳಿಸಿದನು.

ಎಪ್ಪತ್ತರ ದಶಕದಲ್ಲಿ ಅವರು ಸತತವಾಗಿ 9 ಬಾರಿ ರಾಷ್ಟ್ರೀಯ ಪ್ರಶಸ್ತಿ ಪಡೆದರು. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಗೆದ್ದರು. ಇಷ್ಟಾದರೂ ಇದನ್ನು ವೃತ್ತಿಯೆನ್ನುವಂತಿರಲಿಲ್ಲ. ಆ ಕಾಲದ ಬ್ಯಾಡ್ಮಿಂಟನ್ ಹವ್ಯಾಸಿಗಳ ಕ್ರೀಡೆ. ಗೆದ್ದವರಿಗೆ ಕೀರ್ತಿ ಸಲ್ಲುತ್ತಿತ್ತು, ಹಣ ಸಲ್ಲುತ್ತಿರಲಿಲ್ಲ. 1979ರಲ್ಲಿ ಬಹುಮಾನದ ಹಣವುಳ್ಳ ಮುಕ್ತ ಸ್ಪರ್ಧೆಗಳು ಆರಂಭವಾದುವು. ಅದೇ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಅಂತಹ ಸ್ಪರ್ಧೆಯಲ್ಲಿ ಪ್ರಕಾಶರೇ ವಿಜಯಿಗಳಾದರು. 1980ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಪ್ರಶಸ್ತಿಗಳ ಹಿಂದೆಯೇ ಆಲ್ ಇಂಗ್ಲೆಂಡ್ ಪ್ರಶಸ್ತಿಯೂ ಅವರದಾಯಿತು. ಅಂತಿಮ ಪಂದ್ಯದಲ್ಲಿ ಇಂಡೋನೇಷ್ಯದ ಲೀಮ್ ಸ್ವೀ ಕಿಂಗರನ್ನು 15–3, 15–10ರಿಂದ ಸೋಲಿಸಿ, ಆ ಗೌರವವನ್ನು ಪಡೆದ ಪ್ರಥಮ ಭಾರತೀಯರೆನಿಸಿದರು.

ಮೂರನೆಯ ಅಗತ್ಯವಾದ ಸಮಬಲರ ಒಡನಾಟವನ್ನು ಅರಸಿ ಅವರು ಡೆನ್ಮಾರ್ಕಿಗೆ ಹೋಗಿ, ಕೋಪನ್‌ಹೇಗನ್ನಿನಲ್ಲಿ ನೆಲೆಸಿ ಅಭ್ಯಾಸ ಮಾಡಿದರು. 1981ರಲ್ಲಿ ವಿಶ್ವಕಪ್, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚಿನ ಪದಕ ಅವರಿಗೆ ಲಭಿಸಿದುವು. ತಾವು ದೂರದೇಶದಲ್ಲಿ ಪಡೆದ ಸೌಕರ್ಯವನ್ನು ಮುಂದಿನವರಿಗೆ ಇಲ್ಲಿಯೇ ಕಲ್ಪಿಸುವಂತೆ, ನಿವೃತ್ತಿಯ ಬಳಿಕ 1994ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಸಂಸ್ಥೆಯೊಂದನ್ನು ಆರಂಭಿಸಿದರು. ಅಲ್ಲಿ ಅಭ್ಯಾಸ ಮಾಡಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಮರಳಿ ಭಾರತಕ್ಕೆ ತಂದರು.

ವಿಜಯಪುರ ಜಿಲ್ಲೆಯ ನಿಡೋಣಿಯಂತಹ ಗ್ರಾಮದ ಬಾಲಕನೋ ಬಾಲಕಿಯೋ ಈ ವೃತ್ತಾಂತದಿಂದ ಏನನ್ನು ಗ್ರಹಿಸಬೇಕು? ಮದುವೆಯ ಸಭಾಂಗಣವೊಂದು ಆರಂಭಕ್ಕೆ ಸಾಕು ಎಂಬುದು ಧೈರ್ಯ ತರುವ ಸಂಗತಿ. ಆದರೆ ಆಟವನ್ನು ಬಲ್ಲ ತಂದೆ, ಸ್ಪರ್ಧೆಗಳು ನಡೆಯುವ ನಗರ, ಪ್ರತಿದಿನವೂ ಎದುರುನಿಲ್ಲುವ ಸಮರ್ಥ ಎದುರಾಳಿ—ಇವು ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲ. ಆ ಕೊರತೆಯನ್ನು ಶಾಲೆ ಕಾಲೇಜುಗಳೇ ತುಂಬಿಕೊಡಬೇಕು. ಹಾಗೆ ತುಂಬಿಕೊಡುವ ಮುನ್ನವೇ ಹಳ್ಳಿಯ ಮಕ್ಕಳಲ್ಲಿ ಈ ಆಟಕ್ಕೆ ಬೇಕಾದ ಶಕ್ತಿಯಿಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ.