ಮಾಗಿಯ ಹಬ್ಬಗಳು

ಉತ್ತರಾಯಣ ಯಾವಾಗ ಮೊದಲಾಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಯೋಚಿಸದೆ ‘ಸಂಕ್ರಾಂತಿಗೆ’ ಎನ್ನುತ್ತೇವೆ. ನಾನೂ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟವನು. ಒಮ್ಮೆ ಹಬ್ಬದ ಹಿಂದಿನ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಭೂಗೋಳದ ಪಾಠದಲ್ಲಿ ಡಿಸೆಂಬರ್ 22 ಅಂತ ಇದೆಯಲ್ಲ, ಪರೀಕ್ಷೇಲಿ ಯಾವುದನ್ನ ಬರೀಬೇಕು?” ಎಂದಳು. ಉತ್ತರ ತಿಳಿಯದೆ ಅವಳನ್ನು ಗದರಿಸಿ ಕೂರಿಸಿದೆ.

ಮುಂದಿನ ಡಿಸೆಂಬರಿನಲ್ಲಿ ಶಾಲೆಯ ಅಂಗಳದಲ್ಲಿ ನೂರು ಸೆಂಟಿಮೀಟರಿನ ಕೋಲೊಂದನ್ನು ನೆಟ್ಟೆವು. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂವರೆಯ ಆಸುಪಾಸಿನಲ್ಲಿ. 22ನೆಯ ತಾರೀಕು ಆ ಹೊತ್ತಿಗೆ ನೆರಳು 77 ಸೆಂಟಿಮೀಟರ್ ಇತ್ತು. ಜನವರಿ 14ಕ್ಕೆ 71. ನೆರಳು ಮೋಟಾಗಿದೆ ಎಂದರೆ ಸೂರ್ಯ ಆಗಲೇ ಬಡಗಣಕ್ಕೆ ಹೊರಳಿಯಾಗಿದೆ ಎಂದೇ ಅರ್ಥ. ವಾಚಕರೂ ಮನೆಯ ಅಂಗಳದಲ್ಲಿ ಇದನ್ನು ನೋಡಬಹುದು.

ಹಾಗಾದರೆ ಪಂಚಾಂಗ ಸುಳ್ಳೇ? ಅಲ್ಲ. ಪಂಚಾಂಗದ ಮಕರ ರಾಶಿ ನಕ್ಷತ್ರಗಳನ್ನು ನೆಚ್ಚಿದ್ದು; ಚಳಿ ಬಿಸಿಲುಗಳು ಭೂಮಿಯ ಅಕ್ಷದ ವಾಲಿಕೆಯನ್ನು ನೆಚ್ಚಿದವು. ಆ ಅಕ್ಷ ಬುಗುರಿಯ ತಲೆಯಂತೆ ಬಲು ಮೆಲ್ಲಗೆ ತೂಗುವುದರಿಂದ ಎರಡು ಲೆಕ್ಕಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಕ್ರಿಸ್ತಶಕ ಮೂರನೆಯ ಶತಮಾನದ ಕೊನೆಯ ಸುಮಾರಿಗೆ ಎರಡೂ ಕೂಡಿದ್ದವು. ಈಗ ಮೂರು ವಾರ ಮೀರಿ ಅಗಲಿವೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನವಾಗಿತ್ತು. 2024ರಲ್ಲಿ ಹಬ್ಬ 15ಕ್ಕೆ ಬಂತು. ಬೆಳಗಿನ ರೇಡಿಯೋದಲ್ಲಿ ಕೇಳುವ ಶಕವರ್ಷದ ತಾರೀಕಿಗೆ ಕಿವಿಗೊಡಿ. ಮೇಘನಾದ ಸಹಾ ಅವರ ಸಮಿತಿ ಸಿದ್ಧಪಡಿಸಿ 1957ರಲ್ಲಿ ಜಾರಿಗೆ ಬಂದ ಆ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ 1 ಬೀಳುವುದು ಡಿಸೆಂಬರ್ 22ಕ್ಕೆ, ಸೂರ್ಯನ ಲೆಕ್ಕಕ್ಕೆ.

ಹೀಗೆ ಜಾರಿದ್ದು ನಮ್ಮ ಹಬ್ಬವೊಂದೇ ಅಲ್ಲ. ಪ್ರಾಚೀನ ರೋಮಿನವರ ಗಣನೆಯಲ್ಲಿ ಡಿಸೆಂಬರ್ 25 ಮಾಗಿಯ ನಡುದಿನ. 354ರ ರೋಮನ್ ಪಂಚಾಂಗವೊಂದರಲ್ಲಿ ಆ ದಿನಕ್ಕೆ ಅಜೇಯ ಸೂರ್ಯನ ಹುಟ್ಟುಹಬ್ಬವೂ ಕ್ರಿಸ್ತಜಯಂತಿಯೂ ದಾಖಲಾಗಿವೆ. ಯಾರು ಯಾರಿಂದ ಪಡೆದರೆಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಹಳೆಯ ಪಂಚಾಂಗವನ್ನೇ ಹಿಡಿದ ರಷ್ಯದ ಚರ್ಚಿನವರಿಗೆ ಕ್ರಿಸ್‌ಮಸ್ ಈಗ ಜನವರಿ 7ಕ್ಕೆ ಬರುತ್ತದೆ. ಸೂರ್ಯನನ್ನೂ ಬೆಂಕಿಯನ್ನೂ ಪೂಜಿಸುತ್ತಿದ್ದ ಆ ಹಿಂದಿನವರನ್ನು ‘ಪೇಗನ್’ ಎಂದು ಹಳಿಯುವುದುಂಟು. ಲ್ಯಾಟಿನಿನಲ್ಲಿ ಆ ಮಾತಿನ ಮೂಲಾರ್ಥ ಹಳ್ಳಿಗ ಎಂದಷ್ಟೆ! ಹಾಗೆ ನೋಡಿದರೆ ನಮ್ಮ ಸಂಕ್ರಾಂತಿಯಲ್ಲಿ ಹಳ್ಳಿಗನ ಪಾಲೇ ದೊಡ್ಡದು.

ಧನುರ್ಮಾಸದ ಮುಂಜಾನೆಯ ಪೂಜೆ, ಹುಗ್ಗಿಯ ನೈವೇದ್ಯ, ಪುಣ್ಯಕಾಲದ ದಾನ, ಇವು ಶಾಸ್ತ್ರದ ಪಾಲು. ಆದರೆ ಹಬ್ಬದ ದಿನ ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ ನೋಡಿ. ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಮಿಂದವರು, ಇಳಿದ ನೀರಿನ ನಡುವೆ ಎದ್ದ ಬಂಡೆಗಳ ಮೇಲೆ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ. ನ್ಯಾಮತಿಯ ಕಡೆಯವರು ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರಕ್ಕೂ ಹೋಗುವುದುಂಟು. ಅಲ್ಲಿಯ ಚಿಲುಮೆ ಬೇಸಗೆಯಲ್ಲೂ ಬತ್ತದು. ಭದ್ರಾ ನಾಲೆಯ ನೀರುಂಡ ಚನ್ನಗಿರಿಯವರ ಬುತ್ತಿಯಲ್ಲಿ ಹೊಸ ಅಕ್ಕಿ, ಮಳೆಯನ್ನೇ ನಂಬಿದ ಜಗಳೂರಿನವರ ಬುತ್ತಿಯಲ್ಲಿ ಎಳ್ಳು ತಟ್ಟಿದ ಸಜ್ಜೆರೊಟ್ಟಿ, ಶೇಂಗಾ ಚಟ್ನಿ. ಯಾವ ನೆಲಕ್ಕೆ ಎಷ್ಟು ನೀರು ದಕ್ಕಿದೆ ಎಂಬುದನ್ನು ಬುತ್ತಿ ನೋಡಿಯೇ ಹೇಳಬಹುದು. ಮಂಡ್ಯ, ಮೈಸೂರಿನ ಕಡೆ ಅಂದು ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ನಮ್ಮಲ್ಲಿ ದನಗಳ ಸಂಭ್ರಮವೆಲ್ಲ ದೀಪಾವಳಿಗೇ ತೀರಿರುತ್ತದೆ.

ಎಳ್ಳು ಮೈಗೆ ಜಿಡ್ಡು ಕೊಡುವ ಕಾಳು, ಒಣಚಳಿಗೆ ಬೇಕಾದದ್ದು. ‘ಎಣ್ಣೆ’ ಎಂಬ ಮಾತೇ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಎಂಬುದರಿಂದ ಬಂದದ್ದು. ಈಗ ಕಡಲೆಕಾಯಿಯದೂ ಎಣ್ಣೆ, ಸೀಮೆಯದೂ ಎಣ್ಣೆ.

ದೇವರನ್ನಾಗಲಿ ಭೂಮಿಯನ್ನಾಗಲಿ ನೆನೆಯದ ಪಾಲೂ ಒಂದುಂಟು, ಎಳ್ಳು ಬೀರುವುದು. ಸಂಜೆ ಹೊಸ ಬಟ್ಟೆ ತೊಟ್ಟ ಮಕ್ಕಳು ತಟ್ಟೆ ಹಿಡಿದು ಹೊರಟರೆ ಇದು ಯಾವ ಜಾತಿಯ ಮನೆ ಎಂದು ನೋಡುವುದಿಲ್ಲ. ನಮ್ಮ ಬೀದಿಯ ಕ್ರೈಸ್ತರ ಮನೆಯಲ್ಲಿ ಗೋದಲಿ ನೋಡಿ ಕೇಕು ತಿಂದು ಬಂದ ಮಕ್ಕಳೇ ಮೂರು ವಾರಕ್ಕೆ ಅಲ್ಲಿಗೆ ಎಳ್ಳು ಒಯ್ಯುತ್ತಾರೆ. ಇದಕ್ಕೆ ಮಂತ್ರವಿಲ್ಲ, ಪುರೋಹಿತರಿಲ್ಲ. ಶಾಸ್ತ್ರ ಬಲ್ಲವನಾದರೂ ನನಗೆ ಹಬ್ಬದಲ್ಲಿ ಹೆಚ್ಚು ಹಿಡಿಸುವುದು ಇದೇ.

ನಾನು ಗದರಿಸಿದ್ದ ಆ ಹುಡುಗಿ ಅದೇ ವರ್ಷದ ಸಂಕ್ರಾಂತಿಯ ಸಂಜೆ ನಮ್ಮ ಮನೆಗೂ ಬಂದಳು. ಪೊಟ್ಟಣ ನೀಡಿ, ಎಲ್ಲ ಮಕ್ಕಳೂ ಎಲ್ಲರಿಗೂ ಹೇಳುವಂತೆ, “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಸಾರ್” ಎಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಡಿಸೆಂಬರಿನಲ್ಲಿ ಕೋಲು ನೆಟ್ಟ ದಿನ ಅಳತೆಪಟ್ಟಿಯನ್ನು ಅವಳ ಕೈಗೇ ಕೊಟ್ಟೆ.